ಒಂದೇ ಊರಲ್ಲಿ ಐವತ್ತಾರು ವರ್ಷ: ಮೊರಿಹಿರೊ ಸೈತೊ ಅವರನ್ನು ‘ಬರೀ ಕಾಪಿಟ್ಟವರು’ ಅನ್ನೋದು ಸರಿಯೇ?

ಕೊನೇಸಾಲಿನ ಹಕಾಮ

ಐಕಿಡೊ ಅನ್ನುವ ಜಪಾನಿ ಸಮರಕಲೆಯ ಗುರುಗಳ ಬದುಕಿನ ಬಗ್ಗೆ ಮಾತು ಬಂದಾಗಲೆಲ್ಲ ಮುಂದೆ ಬರುವುದು ಬೇರೆ ದಾರಿ ಹಿಡಿದವರ ಹೆಸರೇ. ಗೋಜೊ ಶಿಯೋದಾ 1955ರಲ್ಲಿ ಯೋಶಿಂಕಾನ್ ಅನ್ನುವ ತಮ್ಮದೇ ಶಾಲೆ ಕಟ್ಟಿದರು. ಕೊಯಿಚಿ ತೊಹೇ 1971ರಲ್ಲಿ ಕಿ ಸೊಸೈಟಿ ಶುರುಮಾಡಿ, 1974ರಲ್ಲಿ ಐಕಿಡೊದ ಮೂಲ ಸಂಸ್ಥೆಯಾದ ಐಕಿಕಾಯಿ ಬಿಟ್ಟೇ ಹೊರಟರು. ಕೆಂಜಿ ತೊಮಿಕಿ ಸ್ಪರ್ಧೆಯನ್ನೇ ಒಳಗೆ ತಂದರು. ಇವರ ಸಾಲಿನಲ್ಲಿ ಸೈತೊ ಹೆಸರೆತ್ತಿದರೆ ‘ಅವರು ಹೊಸದೇನು ಮಾಡಿದರು? ಗುರು ಕೊಟ್ಟದ್ದನ್ನು ಕಾಪಿಟ್ಟರು, ಅಷ್ಟೇ’ ಅನ್ನುತ್ತಾರೆ. ಆ ‘ಅಷ್ಟೇ’ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಸೈತೊ ಹುಟ್ಟಿದ್ದು 1928ರಲ್ಲಿ, ಇಬರಾಕಿ ಪ್ರಾಂತ್ಯದ ಇವಾಮಾ ಊರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಐಕಿಡೊದ ಸ್ಥಾಪಕ ಮೊರಿಹೇ ಉಯೆಶಿಬಾ 1942ರಲ್ಲಿ ಟೋಕಿಯೊ ಬಿಟ್ಟು ಅದೇ ಇವಾಮಾಕ್ಕೆ ಬಂದು ಹೊಲ, ಪ್ರಾರ್ಥನೆ, ಅಭ್ಯಾಸ ಅಂತ ನೆಲೆ ನಿಂತಿದ್ದರು. ಯುದ್ಧ ಮುಗಿದು ಜಪಾನ್ ಸೋತು, ಗೆದ್ದ ಮಿತ್ರಪಡೆಗಳ ಆಡಳಿತ ಬಂದು, ಸಮರಕಲೆಗಳಿಗೆ ನಿಷೇಧ ಬಿದ್ದಿದ್ದ ಕಾಲ. ಹೊಟ್ಟೆಗೇ ಕಷ್ಟ, ಕಲಿಯೋಕೆ ಬರುವವರೂ ಬೆರಳೆಣಿಕೆ. ಅಂಥ 1946ರಲ್ಲಿ ಹದಿನೆಂಟರ ಹುಡುಗ ಬಂದ. ಅದಕ್ಕೂ ಮುಂಚೆ ಕೆಂಡೊ, ಕರಾಟೆ, ಜೂಡೊ ಎಲ್ಲ ಸ್ವಲ್ಪ ಸ್ವಲ್ಪ ಮಾಡಿದ್ದವನು. ಗುರುವಿಗೆ ಆಗಲೇ ಅರವತ್ತೆರಡು.

ಸೈತೊ ರೈಲ್ವೆ ನೌಕರ. ಡ್ಯೂಟಿ ಇಪ್ಪತ್ತನಾಲ್ಕು ಗಂಟೆ, ಆಮೇಲೆ ಇಪ್ಪತ್ತನಾಲ್ಕು ಗಂಟೆ ರಜೆ. ನನ್ನ ಪ್ರಕಾರ ಅವರ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದೇ. ಬೇರೆ ಶಿಷ್ಯರು ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವರು. ಉಯೆಶಿಬಾ ಕತ್ತಿ, ಕೋಲು ಹಿಡಿಯುತ್ತಿದ್ದದ್ದು ಬೆಳಗ್ಗೆ. ದಿನ ಬಿಟ್ಟು ದಿನ ಬೆಳಗ್ಗೆ ಎದುರಿಗೆ ನಿಲ್ಲಲು ಸಿಗುತ್ತಿದ್ದವರು ಈ ರೈಲ್ವೆಯವರೊಬ್ಬರೇ. ಹಾಗೆ ಆ ವಿದ್ಯೆ ಇವರ ಪಾಲಿಗೆ ಬಂತು. ಅದೂ ಬಿಟ್ಟಿ ಬಂದದ್ದಲ್ಲ, ಹೊಲದ ಕೆಲಸಕ್ಕೆ ಕೈ ಹಾಕಿದವರಿಗಷ್ಟೇ ಪಾಠ.

1969ರ ಏಪ್ರಿಲ್ 26ರಂದು ಉಯೆಶಿಬಾ ತೀರಿಕೊಳ್ಳುವವರೆಗೆ ಇಪ್ಪತ್ಮೂರು ವರ್ಷ ಅಲ್ಲೇ. ಆಮೇಲೆ ಇವಾಮಾ ಡೋಜೊ (ಅಭ್ಯಾಸದ ಶಾಲೆ) ಮತ್ತು ಐಕಿ ದೇಗುಲ ನೋಡಿಕೊಂಡು 2002ರ ಮೇ 13ರವರೆಗೆ, ಅಂದರೆ ತಾವು ಕಣ್ಮುಚ್ಚುವವರೆಗೂ, ಅಲ್ಲೇ. ಈಗ ಹೇಳಿ, ಇದು ಬರೀ ಕಾವಲುಗಾರಿಕೆಯೇ?

ಮಂಡಿಚಿಪ್ಪು

ಸರ್, ಒಂದು ಮಾತು ಬಿಟ್ಟುಹೋಯಿತು. ಉಯೆಶಿಬಾ ತಮ್ಮ ಜಾಗದಲ್ಲೇ ಸೈತೊಗೆ ಮನೆ ಕಟ್ಟಿಕೊಳ್ಳಲು ನೆಲ ಕೊಟ್ಟಿದ್ದರು. ಆ ಮನೆಗೆ ಬಂದ ಸೈತೊ ಅವರ ಹೆಂಡತಿ ಮುದುಕ ದಂಪತಿಯ ಅಡುಗೆ, ಆರೈಕೆ ಎಲ್ಲ ವರ್ಷಗಟ್ಟಲೆ ನೋಡಿಕೊಂಡರು. ಗುರುಸೇವೆ ಅಂತ ಗಂಡಸರ ಹೆಸರಲ್ಲಿ ಬರೆಯುವ ಲೆಕ್ಕದಲ್ಲಿ ಅರ್ಧ ಆಕೆಯ ಖಾತೆಗೆ ಹೋಗಬೇಕು. ರಾತ್ರಿಪಾಳಿ ಮಾಡಿ ಬಂದ ಮನುಷ್ಯ ನಿದ್ದೆಗೆಟ್ಟು ಕತ್ತಿ ಬೀಸಿದ್ದು ದೊಡ್ಡದು, ಒಪ್ಪಿದೆ. ಅವನು ಬೀಸುತ್ತಿರುವಾಗ ಎರಡು ಮನೆಯ ಒಲೆ ಉರಿಸಿದ್ದೂ ಸಣ್ಣದಲ್ಲ.

ಪ್ರಶ್ನೆಪೆಟ್ಟಿಗೆ

ಬೇಜಾರು ಮಾಡ್ಕೋಬೇಡಿ ಹಕಾಮ ಸರ್, ನಾನು ಎದುರು ಬೆಂಚಿನವನು.

ಉಯೆಶಿಬಾ ಒಂದೇ ಕಡೆ ನಿಂತವರಲ್ಲ. 1915ರಲ್ಲಿ ಹೊಕ್ಕೈಡೊದಲ್ಲಿ ಸೊಕಾಕು ತಾಕೆದಾ ಹತ್ತಿರ ದಾಯ್‌ತೊ-ರ್ಯೂ ಅನ್ನುವ ಹಳೆಯ ಸಮರಕಲೆ ಕಲಿತರು. ಅಯಾಬೆಯಲ್ಲಿ ಒಮೊತೊ ಪಂಥದ ಒನಿಸಾಬುರೊ ದೆಗುಚಿ ಸಿಕ್ಕ ಮೇಲೆ ಮನುಷ್ಯನೇ ಬೇರೆ ಆದರು. 1924ರಲ್ಲಿ ಅದೇ ದೆಗುಚಿಯ ಬೆನ್ನುಹತ್ತಿ ಮಂಗೋಲಿಯಾಕ್ಕೆ ಹೋಗಿ ಗುಂಡಿಗೆ ಎದೆಯೊಡ್ಡುವ ಹಂತದಲ್ಲಿ ಬದುಕಿ ಬಂದರು. 1931ರ ಕೋಬುಕಾನ್ ಡೋಜೊದ ಒರಟು ಅಭ್ಯಾಸಕ್ಕೆ ಜನ ‘ನರಕದ ಡೋಜೊ’ ಅಂತಲೇ ಹೆಸರಿಟ್ಟಿದ್ದರು. ಕೊನೆಗಾಲದ ಫಿಲಂಗಳಲ್ಲಿ ನೋಡಿದರೆ ಮುಟ್ಟಿಯೂ ಮುಟ್ಟದ ಹಾಗೆ ಎಸೆಯುವ ಮುದುಕ. ಹೀಗೆ ಬದುಕಿಡೀ ಬದಲಾದ ಗುರುವಿನ ಒಂದು ಘಟ್ಟವನ್ನು ಹಿಡಿದು ‘ಇದೇ ಅಸಲು’ ಅನ್ನೋದು ನಿಷ್ಠೆಯೋ, ಹಟವೋ? ಸೈತೊ ಕಂಡದ್ದು ಇವಾಮಾದ ಉಯೆಶಿಬಾರನ್ನು. ಶಿಯೋದಾ ಕಂಡದ್ದು ಯುದ್ಧಕ್ಕೂ ಮುಂಚಿನವರನ್ನು. ಟೋಕಿಯೊದಲ್ಲಿ 60ರ ದಶಕದ ಹುಡುಗರು ಕಂಡದ್ದು ಮತ್ತೊಬ್ಬರನ್ನು. ಇವರಲ್ಲಿ ಯಾರ ಪ್ರತಿ ಮೂಲಪ್ರತಿ?

ಜೋಕೋಲು

@ಪ್ರಶ್ನೆಪೆಟ್ಟಿಗೆ, ಪ್ರಶ್ನೆ ಚೆನ್ನಾಗಿದೆ. ಆದರೆ ‘ಪ್ರತಿ’ ಅನ್ನುವಾಗ ಅದು ಮೊದಲೇ ಬರೆದಿಟ್ಟದ್ದು, ಸೈತೊ ನಕಲು ಮಾಡಿಕೊಂಡರು ಅನ್ನೋ ಲೆಕ್ಕ ಇಟ್ಟುಕೊಂಡಿದ್ದೀರಿ. ಅಲ್ಲೇ ತಕರಾರು.

ನಾವು ಇವತ್ತು ‘ಮೂವತ್ತೊಂದರ ಜೋ ಕತಾ’, ಅಂದರೆ ಕೋಲಿನ ಮೂವತ್ತೊಂದು ಚಲನೆಗಳ ಸರಣಿ, ಅಂತ ಎಣಿಸಿಕೊಂಡು ಮಾಡುತ್ತೇವಲ್ಲ, ಉಯೆಶಿಬಾ ಹಾಗೆ ಎಣಿಸಿ ಕಲಿಸಿದವರಲ್ಲ. ಕೋಲು ಹಿಡಿದರೆ ಹರಿಯುತ್ತಾ ಹೋಗುತ್ತಿದ್ದರು, ಎದುರಿಗಿದ್ದವನು ಕಂಡಷ್ಟು ಹಿಡಿದುಕೊಳ್ಳಬೇಕು. ಆ ಹರಿವನ್ನು ತುಂಡು ಮಾಡಿ, ತುಂಡಿಗೆ ಅಂಕಿ ಕೊಟ್ಟು, ಒಂದೊಂದನ್ನೂ ಒಬ್ಬನೇ ನಿಂತು ಅಭ್ಯಾಸ ಮಾಡುವಂತೆ ಜೋಡಿಸಿದವರು ಸೈತೊ. ಕೋಲಿಗೆ ಇಪ್ಪತ್ತು ಸುಬುರಿ, ಮರದ ಕತ್ತಿಗೆ ಏಳು ಸುಬುರಿ. ಸುಬುರಿ ಅಂದರೆ ಒಂಟಿಯಾಗಿ ಮಾಡುವ ಬೀಸು, ತಿವಿತಗಳ ಅಭ್ಯಾಸ. ಆಮೇಲೆ ಹದಿಮೂರರ ಜೋ ಕತಾ, ಇಬ್ಬರು ಎದುರುಬದುರು ನಿಂತು ಮಾಡುವ ಕುಮಿಜೋ, ಕುಮಿತಾಚಿ.

ಇಪ್ಪತ್ತು ಸುಬುರಿಯ ಜೋಡಣೆ ನೋಡಿ. ಮೊದಲ ಐದು ತಿವಿತದವು. ಆಮೇಲಿನ ಐದು ಮೇಲಿನಿಂದ ಹೊಡೆಯುವವು. ಮುಂದೆ ಒಂದೇ ಕೈಯಲ್ಲಿ ಬೀಸುವವು, ಭುಜದ ಪಕ್ಕಕ್ಕೆ ತಿರುಗಿಸಿ ತರುವವು, ಕೊನೆಗೆ ಹರಿಯುತ್ತಾ ದಿಕ್ಕು ಬದಲಿಸುವವು. ಇದು ನೆನಪಿನ ಪಟ್ಟಿಯಲ್ಲ, ಪಠ್ಯಕ್ರಮ. ಯಾವುದು ಮೊದಲು ಬಂದರೆ ಯಾವುದು ಸುಲಭ ಅಂತ ಕೂತು ಯೋಚಿಸಿದವನಿಗೆ ಮಾತ್ರ ಹೊಳೆಯುವ ಕ್ರಮ. ಒಬ್ಬ ಗುರು ಒಬ್ಬ ಶಿಷ್ಯನಿಗೆ ಹೇಳಿಕೊಡುವಾಗ ಇದ್ಯಾವುದೂ ಬೇಕಿಲ್ಲ. ನೂರು ಜನ ವಿದೇಶದಿಂದ ಬಂದು ಮುಂದೆ ನಿಂತಾಗ ಬೇಕು. ಆ ಜನ ಬಂದದ್ದೂ ಹೌದು. ಸೈತೊ 1974ರಲ್ಲಿ ಮೊದಲ ಸಲ ಅಮೆರಿಕಕ್ಕೆ ಹೋದರು, ಅಲ್ಲಿಂದಾಚೆಗೆ ಇವಾಮಾದ ಚಿಕ್ಕ ಡೋಜೊದಲ್ಲಿ ಉಚಿದೇಶಿಗಳಾಗಿ, ಅಲ್ಲೇ ಉಂಡು ಮಲಗಿ ಕಲಿಯಲು, ಜಗತ್ತಿನ ಮೂಲೆಮೂಲೆಯಿಂದ ಜನ ಬರತೊಡಗಿದರು.

ಕತ್ತಿ, ಕೋಲಿನ ವಿದ್ಯೆಗೆ ಐಕಿಕಾಯಿಯ ಡಾನ್ ದರ್ಜೆಗಳಿಂದ ಬೇರೆಯಾಗಿ ಸುರುಳಿ ಹಾಳೆಯ ಪ್ರಮಾಣಪತ್ರ ಕೊಡುವ ಪದ್ಧತಿ ಹಾಕಿದ್ದೂ ಅವರೇ. ಹೊಸದೇನೂ ಮಾಡದವರ ಕೆಲಸದ ಹಾಗೆ ಕಾಣುತ್ತದಾ ಇದು?

ಬಿಳಿಪಟ್ಟಿ

ನಾನು ಹೊಸಬ, ತಪ್ಪಿದ್ದರೆ ಹೇಳಿ. ನಮ್ಮ ಡೋಜೊದಲ್ಲಿ ಕೈ ಹಗುರವಾಗಿ ಹಿಡಿದು ಓಡಾಡಿಸುತ್ತಾರೆ. ವಿಡಿಯೊಗಳಲ್ಲಿ ಇವಾಮಾದವರು ಮಣಿಕಟ್ಟನ್ನು ಇಕ್ಕಳದ ಹಾಗೆ ಹಿಡಿಯುತ್ತಾರೆ. ಅಷ್ಟು ಬಿಗಿ ಯಾಕೆ? ಬಲ ಬೇಡದ ವಿದ್ಯೆ ಅಂತ ತಾನೇ ಹೇಳೋದು?

ಕೊನೇಸಾಲಿನ ಹಕಾಮ

@ಬಿಳಿಪಟ್ಟಿ, ಒಳ್ಳೇ ಜಾಗಕ್ಕೆ ಕೈ ಹಾಕಿದ್ದೀಯಪ್ಪ. ಇವಾಮಾ ಪದ್ಧತಿಯಲ್ಲಿ ಪ್ರತಿ ಕ್ಲಾಸಿನ ಮೊದಲ ಪಾಠ ತಾಯ್ ನೊ ಹೆಂಕೊ, ಅಂದರೆ ದೇಹ ತಿರುಗಿಸುವುದು. ಎರಡನೆಯದು ಒಂದು ತೋಳನ್ನು ಎರಡೂ ಕೈಯಲ್ಲಿ ಹಿಡಿದವನ ಎದುರು ಮಾಡುವ ಕೊಕ್ಯೂ ಹೋ. ಮುಗಿಸುವುದು ಮಂಡಿಯೂರಿ ಕೂತು ಮಾಡುವ ಕೊಕ್ಯೂ ಹೋದಿಂದ. ನಡುವೆ ಏನು ಬಂದರೂ ಈ ಮೂರು ಬಿಡುವ ಹಾಗಿಲ್ಲ.

ಆ ಮೊದಲನೆಯದನ್ನೇ ನೋಡು. ಎದುರಿನವನು ನಿನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೆಳಕ್ಕೆ ಭಾರ ಹಾಕಿದ್ದಾನೆ. ಹೊಸಬರೆಲ್ಲ ಮಾಡುವುದು ಒಂದೇ: ಕೈ ಎಳೆಯುತ್ತಾರೆ. ಎಳೆದರೆ ಅವನು ಇನ್ನೂ ಬಿಗಿ ಮಾಡುತ್ತಾನೆ, ಭುಜ ಕಿವಿಗೆ ಏರುತ್ತದೆ, ಆಟ ಅಲ್ಲಿಗೆ ಮುಗಿಯಿತು. ಕೈಯನ್ನು ಇದ್ದಲ್ಲೇ ಬಿಡು. ಬೆರಳು ಅಗಲಿಸು. ಮುಂದಿನ ಪಾದವನ್ನು ಅವನ ಮುಂಪಾದದ ಹೊರಬದಿಗೆ ಇಡು. ಸೊಂಟ ಇಳಿಸಿ, ಹಿಂಗಾಲನ್ನು ಬೆನ್ನ ಹಿಂದಿನಿಂದ ಸುತ್ತಿಸಿ ತಂದರೆ ಇಬ್ಬರೂ ಪಕ್ಕಪಕ್ಕದಲ್ಲಿ ಒಂದೇ ಕಡೆ ನೋಡುತ್ತಾ ನಿಂತಿರುತ್ತೀರಿ. ನಿನ್ನ ಎರಡೂ ಅಂಗೈ ಮೇಲ್ಮುಖವಾಗಿ ಹೊಟ್ಟೆಯ ಮಟ್ಟದಲ್ಲಿ. ಕೈ ಅವನ ಕಡೆಗೆ ಹೋಗಲಿಲ್ಲ, ನಿನ್ನ ಕಡೆಗೂ ಬರಲಿಲ್ಲ. ದೇಹವೇ ಕೈಯಿದ್ದ ಜಾಗಕ್ಕೆ ಬಂತು.

ಹಗುರವಾಗಿ ಹಿಡಿದವನ ಜೊತೆ ಇದನ್ನು ಹೇಗೆ ಮಾಡಿದರೂ ಆಗುತ್ತದೆ. ಪಾದ ಎರಡು ಬೆರಳಷ್ಟು ಒಳಗೆ ಬಿದ್ದರೂ ಗೊತ್ತಾಗುವುದಿಲ್ಲ. ಬಿಗಿ ಹಿಡಿದವನು ಮಾತ್ರ ಪಾದ ಎಲ್ಲಿದೆ ಅಂತ ಹೇಳಬಲ್ಲ. ಹಾಗಾಗಿ ಇವಾಮಾದಲ್ಲಿ ಮೊದಲು ನಿಂತಲ್ಲೇ ಬಿಗಿಹಿಡಿತದ ಅಭ್ಯಾಸ, ಅದು ಕೂತ ಮೇಲೆ ಹರಿಯುವ ಅಭ್ಯಾಸ, ಅಂದರೆ ಕಿ ನೊ ನಾಗಾರೆ. ಎರಡನೆಯದಕ್ಕೆ ಬೇಗ ಹೋದವರನ್ನು ಸೈತೊ ವಾಪಸ್ ಮೊದಲನೆಯದಕ್ಕೆ ತಳ್ಳುತ್ತಿದ್ದರು. ಬಲ ಬೇಡ ಅನ್ನುವುದು ತಿರುಗುವವನಿಗೆ ಹೇಳಿದ ಮಾತು, ಹಿಡಿಯುವವನಿಗಲ್ಲ.

ಇತಿಹಾಸದಹುಳು

ಪ್ರಶ್ನೆಪೆಟ್ಟಿಗೆಯವರ ‘ಯಾರ ಪ್ರತಿ ಮೂಲಪ್ರತಿ’ಗೆ ಒಂದು ಪುಸ್ತಕದ ಕಥೆ ಇದೆ.

ಯುದ್ಧಾನಂತರ ಟೋಕಿಯೊದ ಹೊಂಬು ಡೋಜೊ, ಅಂದರೆ ಐಕಿಕಾಯಿಯ ಕೇಂದ್ರ, ಉಯೆಶಿಬಾ ಅವರ ಮಗ ಕಿಶೊಮಾರು ಮತ್ತು ತೊಹೇ ಕೈಯಲ್ಲಿ ಬೆಳೆಯಿತು. ಚಲನೆಗಳು ಅಗಲವಾದವು, ದುಂಡಗಾದವು. ಜಗತ್ತಿಗೆ ಹೋದದ್ದು ಹೆಚ್ಚಾಗಿ ಅದೇ. 1964ರಲ್ಲಿ ಒಬ್ಬರು ಫ್ರಾನ್ಸಿಗೆ, ಒಬ್ಬರು ಇಟಲಿಗೆ, ಒಬ್ಬರು ನ್ಯೂಯಾರ್ಕಿಗೆ: ತಾಮುರಾ, ತಾದಾ, ಯಾಮಾದಾ. ಇವರ ನಡುವೆ ಸೈತೊ ಮಾಡುತ್ತಿದ್ದದ್ದು ಹಳ್ಳಿಯ ಒರಟು ಶೈಲಿ ಅಂತ ಕೆಲವರ ಅಭಿಪ್ರಾಯ. ಗುರು ಹೀಗೇ ಕಲಿಸಿದ್ದು ಅಂತ ಅವರು ಹೇಳಿದರೆ ಅದಕ್ಕೆ ಅವರ ಬಾಯಿಮಾತೇ ಸಾಕ್ಷಿ.

1981ರಲ್ಲಿ ‘ಐಕಿ ನ್ಯೂಸ್’ನ ಸಂಪಾದಕ ಸ್ಟ್ಯಾನ್ಲಿ ಪ್ರಾನಿನ್ ಯುದ್ಧಪೂರ್ವ ಶಿಷ್ಯರೊಬ್ಬರ ಸಂದರ್ಶನಕ್ಕೆ ಹೋದಾಗ, ಅವರ ಮನೆಯಲ್ಲಿ ‘ಬುಡೊ’ ಅನ್ನುವ ಕೈಪಿಡಿ ಸಿಕ್ಕಿತು. 1938ರದ್ದು, ಉಯೆಶಿಬಾರೇ ನಿಂತು ತೆಗೆಸಿಕೊಂಡ ಫೋಟೊಗಳು, ಕೆಳಗೆ ವಿವರಣೆ. ಪ್ರಾನಿನ್ ಅದರ ಪ್ರತಿಯನ್ನು ಇವಾಮಾಕ್ಕೆ ಒಯ್ದರು. ಗುರುವಿನ ಪಕ್ಕ ಇಪ್ಪತ್ಮೂರು ವರ್ಷ ಇದ್ದ ಸೈತೊ ಅಂಥದ್ದೊಂದು ಇದೆ ಅಂತಲೇ ಕೇಳಿರಲಿಲ್ಲ. ಪುಟ ತಿರುವಿದರೆ ತಾವು ಕಲಿಸುತ್ತಿದ್ದದ್ದೇ ಎದುರಿಗೆ.

ಒಂದು ಉದಾಹರಣೆ ಸಾಕು. ಶೋಮೆನ್‌ಉಚಿ ಇಕ್ಕ್ಯೊ, ಎಲ್ಲರೂ ಮೊದಲು ಕಲಿಯುವ ಪಟ್ಟು. ಸಾಮಾನ್ಯವಾಗಿ ಎದುರಾಳಿ ತಲೆಗೆ ಹೊಡೆಯಲು ಬರುತ್ತಾನೆ, ನಾವು ಕಾದು ಆ ತೋಳನ್ನು ಬರಮಾಡಿಕೊಳ್ಳುತ್ತೇವೆ. ಸೈತೊ ಕಲಿಸುತ್ತಿದ್ದದ್ದು ತಿರುವುಮುರುವು: ಮೊದಲು ಕೈ ಚಾಚುವವನೇ ಪಟ್ಟು ಹಾಕುವವನು. ಮುಖಕ್ಕೆ ಕೈ ಬಂದಾಗ ಎದುರಿನವನು ಅಡ್ಡ ಎತ್ತುತ್ತಾನಲ್ಲ, ಆ ಮೊಣಕೈ ಹಿಡಿದು ಒಳನುಗ್ಗುವುದು. ‘ಶಾಂತಿಯ ಕಲೆಯಲ್ಲಿ ಮೊದಲು ಕೈ ಎತ್ತುವುದೇ?’ ಅಂತ ಮೂಗು ಮುರಿದವರಿದ್ದರು. ಕೈಪಿಡಿಯಲ್ಲಿ ಇರುವುದು ಹಾಗೇ.

ಅಲ್ಲಿಂದ ಮುಂದೆ ಅವರು ಆ ಪುಸ್ತಕವನ್ನು ಕ್ಲಾಸಿಗೇ ತರತೊಡಗಿದರು. ಪಟ್ಟು ತೋರಿಸುವುದು, ಪುಟ ತೆರೆದು ಹಿಡಿದು ಸಾಲಾಗಿ ಎಲ್ಲರಿಗೂ ತೋರಿಸಿಕೊಂಡು ಬರುವುದು. ಒಂಬತ್ತನೇ ಡಾನ್ ಗುರು ಹಾಗೆ ಪುಟ ತೋರಿಸಿಕೊಂಡು ತಿರುಗುವುದು ನನಗೆ ಬಹಳ ಇಷ್ಟವಾದ ಚಿತ್ರ. ನನ್ನ ಮಾತು ನಂಬಬೇಡಿ, ನೀವೇ ನೋಡಿಕೊಳ್ಳಿ ಅನ್ನುವ ಗುರುಗಳು ಈ ಕ್ಷೇತ್ರದಲ್ಲಿ ಕಮ್ಮಿ.

ಪ್ರಶ್ನೆಪೆಟ್ಟಿಗೆ

ಕಥೆ ಸೊಗಸಾಗಿದೆ. ಆದರೂ ನನ್ನ ಪ್ರಶ್ನೆ ಅಲ್ಲೇ ಇದೆ. 1938ರ ಫೋಟೊ 1938ರ ಉಯೆಶಿಬಾರನ್ನು ತೋರಿಸುತ್ತದೆ. 1960ರ ಟೋಕಿಯೊದಲ್ಲಿ ಅವರು ಬೇರೆ ಥರ ಮಾಡುತ್ತಿದ್ದರು ಅನ್ನುವವರನ್ನು ಅದು ಸುಳ್ಳು ಮಾಡುವುದಿಲ್ಲ.

ಒಂದು ಮಾತ್ರ ಬಿಟ್ಟುಕೊಡುತ್ತೇನೆ. ಸೈತೊ ಶುರುಮಾಡಿದ್ದು 1946ರಲ್ಲಿ, ಪುಸ್ತಕ ಅದಕ್ಕೂ ಎಂಟು ವರ್ಷ ಹಿಂದಿನದು. ಕಣ್ಣಲ್ಲಿ ನೋಡದ ಪುಸ್ತಕಕ್ಕೆ ಅವರ ಪಟ್ಟು ಹೊಂದಿಕೊಂಡಿತು ಅಂದರೆ, ಅವರು ತಮ್ಮ ಮನಸ್ಸಿಗೆ ಬಂದದ್ದನ್ನು ಸೇರಿಸಿಲ್ಲ ಅನ್ನುವಷ್ಟು ಖಾತ್ರಿ.

ತೊಮಿಕಿಪಕ್ಷ

ಇಷ್ಟೊತ್ತು ಸುಮ್ಮನಿದ್ದೆ. ಬಿಗಿ ಹಿಡಿತದ ಬಗ್ಗೆ ಹಕಾಮ ಅಣ್ಣ ಬರೆದದ್ದು ನಮ್ಮ ಕಡೆಯ ವಾದವೇ, ಅರ್ಧಕ್ಕೆ ನಿಲ್ಲಿಸಿದ್ದಾರೆ ಅಷ್ಟೇ. ತೊಮಿಕಿ ಜೂಡೊದ ಜಿಗೊರೊ ಕಾನೊ ಅವರ ಗರಡಿಯಿಂದ ಬಂದವರು. 1940ರಲ್ಲಿ ಉಯೆಶಿಬಾರಿಂದ ಎಂಟನೇ ಡಾನ್ ಪಡೆದ ಮೊದಲಿಗರು. ಅವರು ಕೇಳಿದ್ದು ಇಷ್ಟೇ: ನಿಂತಲ್ಲಿ ಬಿಗಿಯಾಗಿ ಹಿಡಿದವನು ನಿಮ್ಮನ್ನು ಪರೀಕ್ಷೆ ಮಾಡುತ್ತಾನೆ ಸರಿ, ಹಿಡಿದವನು ಮುಂದಿನ ಕ್ಷಣ ಮನಸ್ಸು ಬದಲಿಸಿದರೆ? ಅದಕ್ಕೇ ವಾಸೆದಾ ವಿಶ್ವವಿದ್ಯಾಲಯದಲ್ಲಿ ರಂದೊರಿ ತಂದರು. ಒಬ್ಬನ ಕೈಯಲ್ಲಿ ಮೆತ್ತನೆಯ ಅಣಕು ಚಾಕು, ಇನ್ನೊಬ್ಬ ಬರಿಗೈ, ಇಬ್ಬರೂ ನಿಜವಾಗಿ ಗೆಲ್ಲಲು ನೋಡುವುದು.

ಅದರಿಂದ ಐಕಿಡೊದ ಆತ್ಮ ಹೋಯಿತು ಅನ್ನುವವರ ಜೊತೆ ಎಷ್ಟು ವಾದ ಮಾಡಿದ್ದೇನೋ. ಇವತ್ತು ಬೇಡ. ಆದರೆ ಹೊಸ ದಾರಿ ಹಿಡಿದವರು ಗುರುವನ್ನು ಬಿಟ್ಟವರು ಅನ್ನುವ ಧ್ವನಿ ಈ ಎಳೆಯಲ್ಲಿ ಬರುವುದು ಬೇಡ. ಗುರು ಉತ್ತರಿಸದ ಪ್ರಶ್ನೆಯನ್ನು ಹಿಡಿದುಕೊಂಡು 1979ರವರೆಗೆ ಬದುಕಿದ್ದೂ ಒಂದು ನಿಷ್ಠೆಯೇ.

ಮಂಡಿಚಿಪ್ಪು

ಇಬ್ಬರೂ ಕೈ ಕುಲುಕಿ 🙂

ಇಪ್ಪತ್ಮೂರು ವರ್ಷ, ಐವತ್ತಾರು ವರ್ಷ ಅನ್ನುವ ಮಾತು ಹಗುರವಾಗಿ ಓಡಾಡುತ್ತಿದೆ, ಅದಕ್ಕೆ ನನ್ನ ಹೆಸರಿನ ಅಂಗದ ಪರವಾಗಿ ಒಂದೆರಡು ಮಾತು. ಐಕಿಡೊದಲ್ಲಿ ಮೊದಲು ಸೋಲುವುದು ಮಂಡಿ. ಸುವಾರಿ ವಾಜಾ, ಅಂದರೆ ಮಂಡಿಯೂರಿ ಮಾಡುವ ಪಟ್ಟುಗಳು. ಪೂರ್ತಿ ಮಡಚಿದ ಮಂಡಿಯ ಮೇಲೆ ಇಡೀ ಭಾರ, ಆ ಸ್ಥಿತಿಯಲ್ಲೇ ತಿರುಗುವುದು. ಒಳಗಿನ ಮೃದು ಎಲುಬಿನ ಗಾದಿಗೆ ಮಡಿಕೆ, ತಿರುಚು ಎರಡೂ ಒಟ್ಟಿಗೆ ಬಿದ್ದರೆ ತಡೆಯುವುದಿಲ್ಲ. ಬೆರಳುಗಳ ಮೇಲೆ ನಿಂತು, ಅಂದರೆ ಪಾದದ ಬೆರಳು ಮಡಚಿ ಜೀವಂತ ಇಟ್ಟುಕೊಂಡು, ಸೊಂಟ ತಿರುಗಿದಷ್ಟೇ ಹಿಮ್ಮಡಿಯನ್ನೂ ತಿರುಗಿಸಿದರೆ ತಿರುಚು ಕಮ್ಮಿ. ಪಾದ ಚಾಪೆಗೆ ಅಂಟಿಕೊಂಡು ಮೇಲಿನದಷ್ಟೇ ತಿರುಗಿತೋ, ಚಟಕ್.

ಎರಡನೆಯದು ಶಿಹೊನಾಗೆ. ತೋಳನ್ನು ತಲೆಯ ಹಿಂದಕ್ಕೆ ಮಡಚಿ ಬೀಳಿಸುವ ಪಟ್ಟು. ಬೀಳುವವನ ಕೈ ಅವನ ಭುಜಕ್ಕೆ ಹತ್ತಿರ ಇದ್ದರೆ ಅವನು ಗಲ್ಲ ಎದೆಗೆ ಒತ್ತಿ ಬೆನ್ನ ಮೇಲೆ ಉರುಳಬಲ್ಲ. ಕೈ ದೂರಕ್ಕೆ ಎಳೆದು ರಭಸವಾಗಿ ಇಳಿಸಿದರೆ ತಲೆಯ ಹಿಂಭಾಗ ಮೊದಲು ನೆಲಕ್ಕೆ. ಹೊಸಬನಿಗೆ ಹಾಗೆ ಮಾಡುವ ಸೀನಿಯರನ್ನು ನಾನು ಚಾಪೆಯಿಂದ ಇಳಿಸುತ್ತೇನೆ, ಅವನ ಡಾನ್ ಎಷ್ಟಿದ್ದರೂ ಸರಿ. ಎಪ್ಪತ್ತರವರೆಗೆ ಕಲಿಸಿದ ಗುರುಗಳ ಹಿಂದೆ ತಮ್ಮನ್ನು ಬೀಳಿಸುವಾಗ ರಭಸ ತಡೆದುಕೊಂಡ ಜೊತೆಗಾರರ ಸಾಲು ಇರುತ್ತದೆ. ಜೀವನಚರಿತ್ರೆಯಲ್ಲಿ ಅವರ ಹೆಸರು ಬರುವುದಿಲ್ಲ.

ಇತಿಹಾಸದಹುಳು

@ಮಂಡಿಚಿಪ್ಪು, ಎರಡನೇ ಪ್ಯಾರಾವನ್ನು ಪ್ರಿಂಟ್ ಹಾಕಿ ಡೋಜೊ ಗೋಡೆಗೆ ಅಂಟಿಸಬೇಕು.

ಬಿಳಿಪಟ್ಟಿ

ಸೈತೊ ಅವರ ನಂತರ ಇವಾಮಾ ಏನಾಯಿತು? ಈಗಲೂ ಹಾಗೇ ಇದೆಯಾ?

ಕೊನೇಸಾಲಿನ ಹಕಾಮ

ಅದು ಸ್ವಲ್ಪ ಬೇಸರದ ಭಾಗ. ಸೈತೊ ತಮ್ಮ ಜೀವಮಾನದಲ್ಲಿ ಐಕಿಕಾಯಿ ಬಿಡಲಿಲ್ಲ. ಟೋಕಿಯೊದವರ ಶೈಲಿ ಬಗ್ಗೆ ಭಿನ್ನಾಭಿಪ್ರಾಯ ಎಷ್ಟಿದ್ದರೂ ಸ್ಥಾಪಕರ ಮನೆತನದ ನೆರಳು ಬಿಟ್ಟು ಹೋಗಲಿಲ್ಲ. 60ರ ದಶಕದಲ್ಲಿ ಭಾನುವಾರಗಳಂದು ಹೊಂಬುವಿಗೆ ಹೋಗಿ ಕಲಿಸಿ ಬರುತ್ತಿದ್ದರು ಕೂಡ. ಅವರು ಹೋದ ಮೇಲೆ, 2004ರಲ್ಲಿ, ಮಗ ಹಿತೊಹಿರೊ ಐಕಿಕಾಯಿಯಿಂದ ಬೇರೆಯಾಗಿ ಇವಾಮಾದಲ್ಲೇ ತಮ್ಮ ಸಂಘಟನೆ ಶುರುಮಾಡಿದರು. ಹಳೆಯ ಡೋಜೊ ಮತ್ತು ದೇಗುಲ ಐಕಿಕಾಯಿಯ ಕೈಯಲ್ಲಿ. ಜಗತ್ತಿನಾದ್ಯಂತ ಸೈತೊ ಶಿಷ್ಯರು ಕೆಲವರು ಇತ್ತ, ಕೆಲವರು ಅತ್ತ, ಕೆಲವರು ಎರಡೂ ಬೇಡ ಅಂತ ತಮ್ಮ ಪಾಡಿಗೆ. ಇವಾಮಾ ಪಟ್ಟಣ ಕೂಡ 2006ರಲ್ಲಿ ಕಸಾಮಾ ನಗರಕ್ಕೆ ಸೇರಿಹೋಯಿತು.

ಯಾರು ಸರಿ ಅಂತ ತೀರ್ಪು ಹೇಳುವ ಕೆಲಸ ನನಗೆ ಬೇಡ. ಆದರೆ ಗಮನಿಸಿ: ಎಲ್ಲ ಬಣದವರೂ ಇವತ್ತಿಗೂ ಅದೇ ಏಳು, ಅದೇ ಇಪ್ಪತ್ತು, ಅದೇ ಮೂವತ್ತೊಂದು ಮಾಡುತ್ತಾರೆ. ಸಂಸ್ಥೆ ಒಡೆದರೂ ಎಣಿಕೆ ಒಡೆಯಲಿಲ್ಲ. ಜೋಕೋಲು ಹೇಳಿದ ಪಠ್ಯಕ್ರಮದ ಮಾತು ನನಗೆ ಇನ್ನೂ ಗಟ್ಟಿಯಾಗಿ ಕಾಣುವುದು ಇಲ್ಲಿ.

ಪ್ರಶ್ನೆಪೆಟ್ಟಿಗೆ

ಹಾಗಾದರೆ ಶೀರ್ಷಿಕೆಯಲ್ಲಿರುವ ‘ಬರೀ’ ತೆಗೆಯಿರಿ. ‘ಕಾಪಿಟ್ಟವರು’ ಇರಲಿ, ಅದನ್ನು ಬಿಟ್ಟುಕೊಡುವುದಿಲ್ಲ.

ಬಿಳಿಪಟ್ಟಿ

ಕೊನೇ ಪ್ರಶ್ನೆ. ನಮ್ಮಲ್ಲಿ ಕೋಲು ಕಲಿಸುವುದಿಲ್ಲ. ಒಬ್ಬನೇ ಶುರುಮಾಡಬಹುದಾ? ಇಪ್ಪತ್ತರಲ್ಲಿ ಯಾವುದು?

ಜೋಕೋಲು

ಮೊದಲನೆಯದು, ಚೋಕು ತ್ಸುಕಿ. ನೇರ ತಿವಿತ. ಕೋಲು ಸುಮಾರು 128 ಸೆಂಟಿಮೀಟರ್, ನಿನ್ನ ಕಂಕುಳವರೆಗೆ ಬಂದರೆ ಆಯಿತು. ಎಡಗಾಲು ಮುಂದೆ, ಕೋಲನ್ನು ಎದುರಿಗೆ ನೆಟ್ಟಗೆ ನಿಲ್ಲಿಸಿ ಎಡಗೈಯಲ್ಲಿ ತುದಿ ಹಿಡಿ. ಬಲಗೈ ಕೆಳತುದಿಗೆ ಬರುತ್ತಿದ್ದ ಹಾಗೆ ಸೊಂಟ ಹಿಂದಕ್ಕೆ ತೆರೆಯಬೇಕು, ತಿವಿಯುವಾಗ ಮುಚ್ಚಬೇಕು. ಎಡಗೈ ಕೊಳವೆ ಇದ್ದ ಹಾಗೆ, ಕೋಲು ಅದರೊಳಗೆ ಜಾರಿ ಹೋಗಲಿ. ಬಲಗೈ ಕೊನೆಯಲ್ಲಿ ಒಳಮುಖವಾಗಿ ತಿರುಚಿಕೊಳ್ಳುತ್ತದೆ. ಭುಜದಿಂದ ತಳ್ಳಿದರೆ ತುದಿ ಅಲುಗಾಡುತ್ತದೆ, ಸೊಂಟದಿಂದ ಹೋದರೆ ಅಲುಗಾಡುವುದಿಲ್ಲ. ಎರಡನೆಯದಕ್ಕೆ ಅವಸರ ಬೇಡ. ಪಕ್ಕದಿಂದ ಒಂದು ವಿಡಿಯೊ ತೆಗೆದು ಇಲ್ಲೇ ಹಾಕು, ನೋಡಿ ಹೇಳುತ್ತೇವೆ. ಮನೆಯೊಳಗೆ ಮಾಡುವುದಾದರೆ ಟ್ಯೂಬ್‌ಲೈಟ್ ಕಡೆ ಗಮನ ಇರಲಿ.